ಜಕ್ಕೂರಿನಿಂದ ಮೈಸೂರಿಗೆ: ಖಾಸಗಿ ಪೈಲಟ್ ಹವಾಮಾನದ ಮೇಲೆ ನಿಗಾ ಇಡುವ ಬಗೆ

ದೊಡ್ಡ ವಿಮಾನ ಸಂಸ್ಥೆಯ ಪೈಲಟ್‌ಗೆ ಹವಾಮಾನದ ವಿಷಯದಲ್ಲಿ ಹಲವರ ನೆರವಿದೆ. ಹಾರಾಟದ ಯೋಜನೆ ಸಿದ್ಧಪಡಿಸುವ ವಿಭಾಗದವರು ಮುನ್ಸೂಚನೆಗಳನ್ನು ಒಟ್ಟುಗೂಡಿಸಿ ಕೊಡುತ್ತಾರೆ, ವಿಮಾನದ ಮೂತಿಯಲ್ಲಿ ರಾಡಾರ್ ಇರುತ್ತದೆ, ಮತ್ತು 35,000 ಅಡಿಗೆ ಏರಿದ ಮೇಲೆ ಮಳೆ, ಮಂಜು, ಮಬ್ಬುಗಳ ಬಹುಪಾಲು ಕೆಳಗೇ ಉಳಿದುಬಿಡುತ್ತದೆ. ಸೆಸ್ನಾ 172ರಂಥ ಒಂದೇ ಎಂಜಿನ್ನಿನ ನಾಲ್ಕು ಸೀಟಿನ ವಿಮಾನವನ್ನು ಸ್ವಂತ ಸಂತೋಷಕ್ಕಾಗಿ ಹಾರಿಸುವವರ ಸ್ಥಿತಿ ಬೇರೆ. ಅವರು ಹಾರುವುದು ಐದಾರು ಸಾವಿರ ಅಡಿಯಲ್ಲಿ, ಅಂದರೆ ಹವಾಮಾನವೆಂದು ನಾವು ಕರೆಯುವುದೆಲ್ಲ ನಡೆಯುವ ಪದರದೊಳಗೇ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಕೊಡುವ ಖಾಸಗಿ ಪೈಲಟ್ ಪರವಾನಗಿಗೆ ಕನಿಷ್ಠ 40 ಗಂಟೆಗಳ ಹಾರಾಟ ಬೇಕು, ಹವಾಮಾನಶಾಸ್ತ್ರದ ಪರೀಕ್ಷೆಯೂ ಇದೆ. ಆದರೆ ಪರೀಕ್ಷೆಗಾಗಿ ಓದಿದ್ದನ್ನು ಒಂದು ನಿರ್ದಿಷ್ಟ ದಿನದ ನಿರ್ದಿಷ್ಟ ಹಾರಾಟಕ್ಕೆ ಹೊಂದಿಸಿಕೊಳ್ಳುವ ಅಭ್ಯಾಸವನ್ನು ಪ್ರತಿಯೊಬ್ಬರೂ ತಾವೇ ಬೆಳೆಸಿಕೊಳ್ಳಬೇಕಾಗುತ್ತದೆ. ಈ ಬರಹದ ಉದ್ದೇಶ ಆ ಅಭ್ಯಾಸವನ್ನು ವಿವರಿಸುವುದು.

ಉದಾಹರಣೆಗೆ ಬೆಂಗಳೂರಿನ ಜಕ್ಕೂರಿನಿಂದ ಮೈಸೂರಿನ ಮಂಡಕಳ್ಳಿಗೆ ಹೋಗುವ ದಾರಿಯನ್ನೇ ಇಟ್ಟುಕೊಳ್ಳೋಣ. ನೇರ ದೂರ ಸುಮಾರು 75 ನಾಟಿಕಲ್ ಮೈಲಿ, ಅಂದರೆ 140 ಕಿಲೋಮೀಟರ್‌ನಷ್ಟು. ಮುಕ್ಕಾಲು ಗಂಟೆಯ ಹಾರಾಟ. ಇಷ್ಟು ಚಿಕ್ಕ ದಾರಿಗೆ ಇಷ್ಟೆಲ್ಲ ಸಿದ್ಧತೆ ಬೇಕೇ ಎಂದು ಕೇಳುವವರಿದ್ದಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಯ ಮೋಡದ ಮೊಗ್ಗೊಂದು ಗುಡುಗಿನ ಮೋಡವಾಗಿ ಬೆಳೆದು ನಿಲ್ಲಲು ಅದೇ ಮುಕ್ಕಾಲು ಗಂಟೆ ಸಾಕಾಗುತ್ತದೆ ಎಂಬುದು ಅವರಿಗೆ ಉತ್ತರ. ಒಂದು ವರದಿಯನ್ನು ಓದಿದರೆ ಆ ಹೊತ್ತಿನ ಸ್ಥಿತಿಯಷ್ಟೇ ತಿಳಿಯುತ್ತದೆ. ಸಾಲಾಗಿ ಮೂರು ವರದಿಗಳನ್ನು ಓದಿ, ಅವುಗಳನ್ನು ಮುನ್ಸೂಚನೆಯ ಜೊತೆ ಹೋಲಿಸಿದಾಗ ಹವಾಮಾನ ಎತ್ತ ಸಾಗುತ್ತಿದೆ ಎಂಬುದು ಗೊತ್ತಾಗುತ್ತದೆ. ಖಾಸಗಿ ಪೈಲಟ್‌ಗೆ ಬೇಕಾದದ್ದು ಈ ಎರಡನೆಯ ತಿಳಿವಳಿಕೆ.

ಋತುವನ್ನು ಮೊದಲು ತಿಳಿಯಿರಿ

ಯಾವ ಜಾಲತಾಣವನ್ನೂ ತೆರೆಯುವ ಮುನ್ನ, ಈ ತಿಂಗಳಲ್ಲಿ ಈ ದಾರಿಯಲ್ಲಿ ಸಾಮಾನ್ಯವಾಗಿ ಏನು ತೊಂದರೆ ಕೊಡುತ್ತದೆ ಎಂಬ ಪ್ರಶ್ನೆಗೆ ಪೈಲಟ್‌ನಲ್ಲಿ ಉತ್ತರವಿರಬೇಕು. ನಮ್ಮ ರೈತರು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ವರ್ಷವನ್ನು ನೋಡುತ್ತಾರೆ. ಹಳೆ ಮೈಸೂರು ಸೀಮೆಯ ಮೇಲೆ ಹಾರುವವರಿಗೂ ಆ ಲೆಕ್ಕ ಬಹಳ ಉಪಯುಕ್ತ. ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯ ಹೊತ್ತಿನವರೆಗೆ, ಗುಡುಗು ಸಿಡಿಲಿನ ಮಳೆಯ ಕಾಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತ ಕಾಯುವ ಆ ಮಳೆಯನ್ನು ತರುವ ಮೋಡಗಳೇ ಸಣ್ಣ ವಿಮಾನಕ್ಕೆ ಅತ್ಯಂತ ಅಪಾಯಕಾರಿ. ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ನೆಲ ಕಾಯುತ್ತಾ ಹೋಗುತ್ತದೆ, ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಹತ್ತಿಯಂಥ ಮೋಡಗಳು ಮೇಲೇಳುತ್ತವೆ, ಸಂಜೆಗೆ ಬಿರುಗಾಳಿ ಸಹಿತ ಮಳೆ. ಈ ತಿಂಗಳುಗಳಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನ ಹನ್ನೆರಡರೊಳಗೆ ವಾಪಸು ಬರುವಂತೆ ಹಾರಾಟವನ್ನು ಹೊಂದಿಸಿಕೊಳ್ಳುವುದೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂಗಾರು ಹಿಡಿದ ಮೇಲೆ ಚಿತ್ರ ಬದಲಾಗುತ್ತದೆ. ಗುಡುಗು ಕಡಿಮೆ, ಆದರೆ ಪಡುವಣ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಸಮುದ್ರ ಮಟ್ಟದಿಂದ ಒಂದೂವರೆ ಕಿಲೋಮೀಟರ್‌ನ ಆಸುಪಾಸಿನಲ್ಲಿ ದಕ್ಷಿಣ ಭಾರತದ ಮೇಲೆ ಹಾಯುವ ಮುಂಗಾರಿನ ಜೆಟ್ ಗಾಳಿ ಜೋರಾದ ದಿನಗಳಲ್ಲಿ 40 ನಾಟ್ (ಗಂಟೆಗೆ 40 ನಾಟಿಕಲ್ ಮೈಲಿ) ದಾಟುತ್ತದೆ. ಜಕ್ಕೂರಿನಿಂದ ನೈಋತ್ಯಕ್ಕಿರುವ ಮೈಸೂರಿಗೆ ಹೋಗುವಾಗ ಈ ಗಾಳಿ ಬಹುಮಟ್ಟಿಗೆ ಎದುರಾಗುವುದರಿಂದ ಮುಕ್ಕಾಲು ಗಂಟೆಯ ದಾರಿ ಒಂದು ಗಂಟೆ ದಾಟಬಹುದು; ಇಂಧನದ ಲೆಕ್ಕದಲ್ಲಿ ಇದನ್ನು ಸೇರಿಸಲೇಬೇಕು. ಬೆಳಗಿನ ಹೊತ್ತು ನೆಲದಿಂದ ಸಾವಿರ ಅಡಿಯ ಆಸುಪಾಸಿನಲ್ಲಿ ಹಾಸುಮೋಡ ಮುಚ್ಚಿಕೊಂಡು, ಹತ್ತು ಹನ್ನೊಂದರ ವೇಳೆಗೆ ಮೇಲೇರುವುದು ಸಾಮಾನ್ಯ. ಆದ್ದರಿಂದ ಮೇ ತಿಂಗಳಿಗೆ ಹೇಳಿದ ಬೆಳಗಿನ ನಿಯಮ ಜುಲೈಗೆ ಹೊಂದುವುದಿಲ್ಲ.

ಹಸ್ತ, ಚಿತ್ತಾ, ಸ್ವಾತಿ ಮಳೆಗಳ ಅಕ್ಟೋಬರ್‌ನಲ್ಲಿ ಸಂಜೆಯ ಗುಡುಗು ಮತ್ತೆ ಬರುತ್ತದೆ, ಜೊತೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಕಾಲವೂ ಆರಂಭವಾಗುತ್ತದೆ. ಚಂಡಮಾರುತ ಅಪ್ಪಳಿಸುವುದು ಚೆನ್ನೈ ಅಥವಾ ಆಂಧ್ರದ ತೀರಕ್ಕಾದರೂ ಬೆಂಗಳೂರಿನ ಮೇಲೆ ಎರಡು ಮೂರು ದಿನ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯುತ್ತದೆ. 2023ರ ಡಿಸೆಂಬರ್‌ನ ಮಿಚಾಂಗ್ ಮತ್ತು 2024ರ ನವೆಂಬರ್ ಕೊನೆಯ ಫೆಂಗಲ್ ಚಂಡಮಾರುತಗಳು ಬಂದದ್ದು ಈ ಹಿಂಗಾರಿನ ಅವಧಿಯಲ್ಲೇ. ಡಿಸೆಂಬರ್, ಜನವರಿಗಳಲ್ಲಿ ಸಮಸ್ಯೆ ಬೆಳಗಿನ ಮಂಜು. ದೇವನಹಳ್ಳಿ ಸುತ್ತಿನ ಬಯಲು ಇದಕ್ಕೆ ಹೆಸರುವಾಸಿ. ಫೆಬ್ರುವರಿ ಮಾತ್ರ ಬಹುತೇಕ ನೆಮ್ಮದಿಯ ತಿಂಗಳು.

ಹಿಂದಿನ ದಿನ ಸಂಜೆ

ಹಾರಾಟದ ಹಿಂದಿನ ಸಂಜೆಯ ಕೆಲಸವನ್ನು ದೊಡ್ಡ ಚಿತ್ರದಿಂದ ಆರಂಭಿಸುವುದು ಒಳ್ಳೆಯದು. ಭಾರತೀಯ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಉಪಗ್ರಹಗಳ ಚಿತ್ರಗಳು ಸಿಗುತ್ತವೆ. ಒಂದೇ ಚಿತ್ರವನ್ನು ನೋಡಿ ಮುಚ್ಚಬೇಡಿ. ಕಳೆದ ಆರು ಗಂಟೆಗಳ ಚಿತ್ರಗಳನ್ನು ಓಡಿಸಿ ನೋಡಿ. ಮೋಡಗಳ ಗುಂಪು ಯಾವ ಕಡೆಯಿಂದ ಯಾವ ಕಡೆಗೆ ಸರಿಯುತ್ತಿದೆ, ಸರಿಯುತ್ತಾ ಬೆಳೆಯುತ್ತಿದೆಯೇ ಕರಗುತ್ತಿದೆಯೇ ಎಂಬುದನ್ನು ಗಮನಿಸಿ. ಇಲಾಖೆಯ ವೈಮಾನಿಕ ವಿಭಾಗ ಪೈಲಟ್‌ಗಳಿಗೆಂದೇ ನಡೆಸುವ ಆನ್‌ಲೈನ್ ಬ್ರೀಫಿಂಗ್ ವ್ಯವಸ್ಥೆಯಲ್ಲಿ ಮೆಟಾರ್ (ನಿಲ್ದಾಣದ ಸದ್ಯದ ವರದಿ), ಟ್ಯಾಫ್ (ನಿಲ್ದಾಣದ ಮುನ್ಸೂಚನೆ), ಸಿಗ್‌ಮೆಟ್ (ಅಪಾಯದ ಎಚ್ಚರಿಕೆ) ಮತ್ತು ಮೇಲ್ಗಾಳಿಯ ನಕ್ಷೆಗಳು ಒಂದೇ ಕಡೆ ದೊರೆಯುತ್ತವೆ. ಅಧಿಕೃತ ಮಾಹಿತಿ ಇದು. ಉಳಿದದ್ದೆಲ್ಲ ಇದಕ್ಕೆ ಪೂರಕ.

ಟ್ಯಾಫ್ ಎಂದರೆ ಒಂದು ವಿಮಾನ ನಿಲ್ದಾಣದ ಸುತ್ತಲಿನ ಕೆಲವೇ ಕಿಲೋಮೀಟರ್‌ಗಳ ಮುನ್ಸೂಚನೆ. ನಿಲ್ದಾಣಕ್ಕೆ ತಕ್ಕಂತೆ 9 ಗಂಟೆಯಿಂದ 30 ಗಂಟೆಯವರೆಗಿನ ಅವಧಿಯನ್ನು ಅದು ಒಳಗೊಳ್ಳುತ್ತದೆ. ಅದರಲ್ಲಿ ಬರುವ ‘ಬಿಕಮಿಂಗ್’ ಪದ ನಿಧಾನವಾಗಿ ಆಗಿ ನೆಲೆ ನಿಲ್ಲುವ ಬದಲಾವಣೆಯನ್ನು, ‘ಟೆಂಪೊ’ ಪದ ಪ್ರತಿ ಬಾರಿಯೂ ಒಂದು ಗಂಟೆಗಿಂತ ಕಡಿಮೆ ಹೊತ್ತು ಬಂದು ಹೋಗುವ ಸ್ಥಿತಿಯನ್ನು ಸೂಚಿಸುತ್ತದೆ. ಹೊಸ ಪೈಲಟ್‌ಗಳು ಟೆಂಪೊವನ್ನು ಹಗುರವಾಗಿ ಕಾಣುವುದುಂಟು. ದೊಡ್ಡ ವಿಮಾನ ಇಂಧನ ತುಂಬಿಕೊಂಡು ಅರ್ಧ ಗಂಟೆ ಸುತ್ತು ಹಾಕಿ ಕಾಯಬಲ್ಲದು; ಕಣ್ಣಳತೆಯ ನಿಯಮದಲ್ಲಿ, ಅಂದರೆ ಹೊರಗೆ ಕಣ್ಣಿಗೆ ಕಾಣುವುದನ್ನೇ ನಂಬಿ ಹಾರುವ ಸಣ್ಣ ವಿಮಾನಕ್ಕೆ ಆ ಅರ್ಧ ಗಂಟೆಯ ಗುಡುಗು ಮಳೆಯೇ ಇಡೀ ಹಾರಾಟದ ಭವಿಷ್ಯ. ಆದ್ದರಿಂದ ಟೆಂಪೊ ಎಂದು ಬರೆದದ್ದನ್ನು ತಾನು ತಲುಪುವ ಹೊತ್ತಿಗೆ ಖಂಡಿತ ಇರುತ್ತದೆ ಎಂದೇ ಲೆಕ್ಕ ಹಿಡಿಯಬೇಕು.

ಸಿಗ್‌ಮೆಟ್ ಬೇರೆ ಬಗೆಯದು. ಬೆಂಗಳೂರು, ಮೈಸೂರುಗಳು ಚೆನ್ನೈ ಹಾರಾಟ ಮಾಹಿತಿ ವಲಯಕ್ಕೆ ಸೇರಿದ್ದು, ಅಲ್ಲಿನ ಹವಾಮಾನ ನಿಗಾ ಕಚೇರಿ ಗುಡುಗು ಮೋಡಗಳಂಥ ಅಪಾಯಗಳಿಗೆ ಸಾಮಾನ್ಯವಾಗಿ ನಾಲ್ಕು ಗಂಟೆ ಜಾರಿಯಲ್ಲಿರುವ ಎಚ್ಚರಿಕೆಯನ್ನು ಹೊರಡಿಸುತ್ತದೆ. ಬೇಸಿಗೆಯಲ್ಲಿ ಈ ಎಚ್ಚರಿಕೆಗಳು ಬಹಳ ವಿಶಾಲವಾದ ಪ್ರದೇಶವನ್ನು ಆವರಿಸುವುದರಿಂದ, ದಿನವೂ ಇರುವುದೇ ಎಂದು ಕಡೆಗಣಿಸುವ ಮನಸ್ಸಾಗುತ್ತದೆ. ಅದರಲ್ಲಿ ಕೊಟ್ಟಿರುವ ಅಕ್ಷಾಂಶ ರೇಖಾಂಶಗಳನ್ನು ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಗುರುತಿಸಿ, ಮೋಡಗಳ ತಲೆ ಎಷ್ಟು ಎತ್ತರ, ಯಾವ ದಿಕ್ಕಿಗೆ ಚಲಿಸುತ್ತಿವೆ ಎಂಬುದನ್ನು ಬರೆದುಕೊಂಡರೆ ಆ ಮನಸ್ಸು ತಾನಾಗಿ ಹೋಗುತ್ತದೆ.

ವಿಂಡಿಯಂಥ ಆ್ಯಪ್‌ಗಳ ಬಗ್ಗೆ ಒಂದು ಮಾತು. ಅವು ತೋರಿಸುವುದು ಕಂಪ್ಯೂಟರ್ ಮಾದರಿಗಳ ಲೆಕ್ಕಾಚಾರ. ಯುರೋಪಿನ ಇಸಿಎಂಡಬ್ಲ್ಯೂಎಫ್ ಮಾದರಿಯ ಒಂದೊಂದು ಚೌಕ ಸುಮಾರು 9 ಕಿಲೋಮೀಟರ್, ನಮ್ಮ ಇಲಾಖೆ 2025ರ ಮೇ ತಿಂಗಳಲ್ಲಿ ಬಳಕೆಗೆ ತಂದ ಭಾರತ್ ಮುನ್ಸೂಚನಾ ವ್ಯವಸ್ಥೆಯದು 6 ಕಿಲೋಮೀಟರ್. ನಾಳೆ ಗಾಳಿ ಯಾವ ದಿಕ್ಕಿನಿಂದ, ಗುಡುಗಿಗೆ ಬೇಕಾದ ತೇವ ಇದೆಯೇ ಎಂಬುದನ್ನು ಅವು ಚೆನ್ನಾಗಿ ಹೇಳುತ್ತವೆ. ಬಿಡದಿಯ ಮೇಲೆ ನಾಲ್ಕು ಗಂಟೆಗೆ ಮಳೆ ಬೀಳುತ್ತದೆ, ಮದ್ದೂರಿನಲ್ಲಿ ಬೀಳುವುದಿಲ್ಲ ಎಂಬಷ್ಟು ಸೂಕ್ಷ್ಮವನ್ನು ಅವುಗಳಿಂದ ನಿರೀಕ್ಷಿಸಬಾರದು. ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಅವು ಒಂದೇ ಮಾತು ಹೇಳುತ್ತಿದ್ದರೆ ಭರವಸೆ ಹೆಚ್ಚಿಸಿಕೊಳ್ಳಿ, ಬೇರೆ ಬೇರೆ ಹೇಳುತ್ತಿದ್ದರೆ ಕೆಟ್ಟದ್ದನ್ನು ನಂಬಿ.

ಚಳಿಗಾಲದ ಸಂಜೆಯಲ್ಲಿ ಮಂಜಿನ ಅಂದಾಜನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಬೇಕು. ಸಂಜೆ ಏಳೆಂಟರ ವರದಿಯಲ್ಲಿ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಯಾಗತೊಡಗುವ ಉಷ್ಣಾಂಶ) ಅಂತರ ಮೂರು ನಾಲ್ಕು ಡಿಗ್ರಿಗೆ ಇಳಿದಿದ್ದು, ಆಕಾಶ ಶುಭ್ರವಾಗಿದ್ದು, ಗಾಳಿ ಬಹುತೇಕ ನಿಂತುಹೋಗಿದ್ದರೆ ಬೆಳಗಿನ ಜಾವ ಮಂಜು ಕಟ್ಟುವ ಸಂಭವ ಬಹಳ. ಹಿಂದಿನ ದಿನ ಮಳೆ ಬಿದ್ದು ನೆಲ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಅಂಥ ದಿನ ಆರೂವರೆಗೆ ಹೊರಡುವ ಯೋಜನೆಯನ್ನು ಸಂಜೆಯೇ ಒಂಬತ್ತೂವರೆಗೆ ಬದಲಿಸಿಕೊಂಡು, ಜೊತೆಗೆ ಬರುವವರಿಗೂ ತಿಳಿಸಿಬಿಡುವುದು ಒಳ್ಳೆಯದು. ವಿಮಾನದ ಪಕ್ಕ ಕಾಯುತ್ತಾ ನಿಂತವರ ಅವಸರ ಪೈಲಟ್‌ನ ತೀರ್ಮಾನದ ಮೇಲೆ ಭಾರ ಹಾಕುತ್ತದೆ.

ಮೆಟಾರನ್ನು ಸಾಲಾಗಿ ಓದುವುದು

ಮೆಟಾರ್ ಎಂದರೆ ನಿಲ್ದಾಣದಲ್ಲಿ ಆ ಕ್ಷಣಕ್ಕೆ ಕಂಡ ಹವಾಮಾನದ ವರದಿ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಂಥ ಕಡೆ ಅರ್ಧ ಗಂಟೆಗೊಮ್ಮೆ ಬರುತ್ತದೆ. ನಡುವೆ ಪರಿಸ್ಥಿತಿ ಥಟ್ಟನೆ ಬದಲಾದರೆ ಸ್ಪೆಸಿ ಎಂಬ ವಿಶೇಷ ವರದಿ ಹೊರಬೀಳುತ್ತದೆ. ಜಕ್ಕೂರಿನಿಂದ ಹಾರುವವರು ದೇವನಹಳ್ಳಿಯ ವರದಿಯನ್ನೂ ಎಚ್‌ಎಎಲ್ ನಿಲ್ದಾಣದ ವರದಿಯನ್ನೂ ಒಟ್ಟಿಗೆ ಓದಬೇಕು, ಏಕೆಂದರೆ ಜಕ್ಕೂರು ಇವೆರಡರ ನಡುವೆ ಇದೆ. ಸಮಯ ಯಾವಾಗಲೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಇರುತ್ತದೆ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಗಡಿಯಾರದ ಸಮಯ. 0930 ಎಂದಿದ್ದರೆ ಮಧ್ಯಾಹ್ನ ಮೂರು ಗಂಟೆ. 14ನೇ ತಾರೀಖಿನ 1900 ಎಂದಿದ್ದರೆ ನಮಗೆ 15ನೇ ತಾರೀಖಿನ ನಡುರಾತ್ರಿ ಹನ್ನೆರಡೂವರೆ. ಟ್ಯಾಫ್ ಓದುವಾಗ ಈ ತಾರೀಖಿನ ಬದಲಾವಣೆಯಲ್ಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಮೇ ತಿಂಗಳ ಒಂದು ದಿನ ದೇವನಹಳ್ಳಿಯ ಮೂರು ವರದಿಗಳು ಹೀಗಿದ್ದವು ಎಂದಿಟ್ಟುಕೊಳ್ಳೋಣ. ಮಧ್ಯಾಹ್ನ ಒಂದು ಗಂಟೆಗೆ ಗಾಳಿ 240 ಡಿಗ್ರಿಯಿಂದ 6 ನಾಟ್, ಉಷ್ಣಾಂಶ 32, ಇಬ್ಬನಿ ಬಿಂದು 15, ಮೋಡ 6,000 ಅಡಿಯಲ್ಲಿ ‘ಫ್ಯೂ’. ಎರಡು ಗಂಟೆಗೆ ಗಾಳಿ ದಿಕ್ಕು ತೋಚದೆ 3 ನಾಟ್, 32ಕ್ಕೆ 18, ಮೋಡ 5,000 ಅಡಿಯಲ್ಲಿ ‘ಸ್ಕ್ಯಾಟರ್ಡ್’. ಮೂರು ಗಂಟೆಗೆ ಗಾಳಿ 100 ಡಿಗ್ರಿಯಿಂದ 8 ನಾಟ್, 31ಕ್ಕೆ 21, ಮೋಡ 4,000 ಅಡಿಯಲ್ಲಿ ಸ್ಕ್ಯಾಟರ್ಡ್, ಜೊತೆಗೆ ಟಿಸಿಯು, ಅಂದರೆ ಗೋಪುರದಂತೆ ಮೇಲೇಳುತ್ತಿರುವ ಮೋಡ. ಆಕಾಶವನ್ನು ಎಂಟು ಪಾಲು ಮಾಡಿದರೆ ಒಂದೆರಡು ಪಾಲು ಮೋಡಕ್ಕೆ ಫ್ಯೂ, ಮೂರು ನಾಲ್ಕಕ್ಕೆ ಸ್ಕ್ಯಾಟರ್ಡ್, ಐದರಿಂದ ಏಳಕ್ಕೆ ‘ಬ್ರೋಕನ್’, ಎಂಟೂ ತುಂಬಿದ್ದರೆ ‘ಓವರ್‌ಕಾಸ್ಟ್’.

ಮೂರು ಗಂಟೆಯ ವರದಿಯೊಂದನ್ನೇ ಓದಿದವರಿಗೆ ಅದರಲ್ಲಿ ಗಾಬರಿ ಹುಟ್ಟಿಸುವಂಥದ್ದು ಹೆಚ್ಚು ಕಾಣುವುದಿಲ್ಲ. ಗಾಳಿ ಹದವಾಗಿದೆ, ಮೋಡ ನಾಲ್ಕು ಸಾವಿರ ಅಡಿ ಮೇಲಿದೆ, ಮಳೆ ಇಲ್ಲ. ಮೂರನ್ನೂ ಸಾಲಾಗಿ ಇಟ್ಟವರಿಗೆ ಬೇರೆಯೇ ಚಿತ್ರ. ಒಣಹವೆಯ ಪಡುವಣ ಗಾಳಿ ನಿಂತು, ಬಂಗಾಳ ಕೊಲ್ಲಿಯ ಕಡೆಯ ತೇವದ ಮೂಡಣ ಗಾಳಿ ಒಳಬಂದಿದೆ. ಎರಡು ಗಂಟೆಗಳಲ್ಲಿ ಇಬ್ಬನಿ ಬಿಂದು ಆರು ಡಿಗ್ರಿ ಏರಿದೆ. ಮೋಡದ ತಳ ಎರಡು ಸಾವಿರ ಅಡಿ ಇಳಿದಿದೆ, ಮೋಡದ ಪಾಲು ಹೆಚ್ಚಿದೆ, ಲಂಬವಾಗಿ ಬೆಳೆಯುವ ಮೋಡ ಕಾಣಿಸಿಕೊಂಡಿದೆ. ಇನ್ನೊಂದು ಗಂಟೆಯಲ್ಲಿ ಅದು ಸಿಬಿ, ಅಂದರೆ ಪೂರ್ಣ ಪ್ರಮಾಣದ ಗುಡುಗು ಮೋಡವಾಗಬಹುದು ಎಂದು ತಿಳಿಯಲು ಬೇರೆ ಮುನ್ಸೂಚನೆ ಬೇಕಾಗಿಲ್ಲ. ಆ ದಿನದ ಟ್ಯಾಫ್ ಗುಡುಗನ್ನು ಸಂಜೆ ಆರು ಗಂಟೆಯ ನಂತರಕ್ಕೆ ಹೇಳಿದ್ದರೆ, ವಾಸ್ತವ ಅದಕ್ಕಿಂತ ಮುಂದೋಡುತ್ತಿದೆ ಎಂದರ್ಥ. ಆಗ ಟ್ಯಾಫಿನ ಉಳಿದ ಸಾಲುಗಳ ಮೇಲಿನ ಭರವಸೆಯನ್ನೂ ತಗ್ಗಿಸಬೇಕು. ಇದಕ್ಕಾಗಿ ಒಂದು ಸಣ್ಣ ಪುಸ್ತಕದಲ್ಲಿ ಹೊರಡುವ ಮುನ್ನಿನ ನಾಲ್ಕು ಗಂಟೆಗಳ ವರದಿಗಳನ್ನು ಒಂದರ ಕೆಳಗೊಂದು ಕೈಯಿಂದ ಬರೆದುಕೊಳ್ಳುವುದು ಉತ್ತಮ. ಪರದೆಯ ಮೇಲೆ ಜಾರಿಹೋಗುವ ಅಂಕಿಗಳು ಕಾಗದದ ಮೇಲೆ ಸಾಲಾಗಿ ನಿಂತಾಗ ಬದಲಾವಣೆ ಎದ್ದು ಕಾಣುತ್ತದೆ.

ಬಿಸಿಲಿನಿಂದ ಎದ್ದ ಮೋಡದ ತಳವನ್ನು ಸ್ವತಃ ಲೆಕ್ಕ ಹಾಕುವ ಸುಲಭ ಸೂತ್ರವೂ ಇದೆ: ಉಷ್ಣಾಂಶ ಮತ್ತು ಇಬ್ಬನಿ ಬಿಂದುಗಳ ಅಂತರವನ್ನು 400ರಿಂದ ಗುಣಿಸಿದರೆ ನೆಲದಿಂದ ಮೋಡದ ತಳಕ್ಕೆ ಇರುವ ಅಂದಾಜು ಅಡಿಗಳು. ಮೇಲಿನ ಮೂರು ಗಂಟೆಯ ವರದಿಯಲ್ಲಿ ಅಂತರ ಹತ್ತು ಡಿಗ್ರಿ, ತಳ ನಾಲ್ಕು ಸಾವಿರ ಅಡಿ. ಮುಂಗಾರಿನ ಹಾಸುಮೋಡಕ್ಕೆ ಈ ಸೂತ್ರ ಹೊಂದುವುದಿಲ್ಲ.

ಮೆಟಾರ್‌ನಲ್ಲಿ ಮೋಡದ ಎತ್ತರವನ್ನು ಆ ನಿಲ್ದಾಣದ ನೆಲದಿಂದ ಅಳೆಯಲಾಗುತ್ತದೆ ಎಂಬುದನ್ನು ಮರೆಯಬಾರದು. ಮೈಸೂರು ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,350 ಅಡಿ ಎತ್ತರದಲ್ಲಿದೆ. ಚಾಮುಂಡಿ ಬೆಟ್ಟದ ನೆತ್ತಿ ಅದಕ್ಕಿಂತ ಸುಮಾರು ಸಾವಿರ ಅಡಿ ಮೇಲೆ. ಮೈಸೂರಿನ ವರದಿ 1,000 ಅಡಿಯಲ್ಲಿ ಬ್ರೋಕನ್ ಎಂದರೆ ಬೆಟ್ಟದ ತುದಿ ಮೋಡದೊಳಗೆ ಇರಬಹುದು ಎಂದು ತಿಳಿಯಬೇಕು. ದಾರಿಯ ಬಲಕ್ಕೆ ಸಿಗುವ ಸಾವನದುರ್ಗದ ಎತ್ತರ 1,226 ಮೀಟರ್, ಅಂದರೆ ನಾಲ್ಕು ಸಾವಿರ ಅಡಿಗೂ ತುಸು ಹೆಚ್ಚು. ಅದನ್ನೂ ಇದೇ ಲೆಕ್ಕದಲ್ಲಿ ನೋಡಬೇಕು.

ಎರಡು ನಿಲ್ದಾಣಗಳ ನಡುವಿನ ಮೌನ

ದೇವನಹಳ್ಳಿಯ ವರದಿ ಇದೆ, ಮೈಸೂರಿನದೂ ಇದೆ. ರಾಮನಗರ, ಚನ್ನಪಟ್ಟಣ, ಮಂಡ್ಯಗಳ ಮೇಲೆ ಏನಾಗುತ್ತಿದೆ ಎಂದು ಹೇಳುವ ಮೆಟಾರ್ ಇಲ್ಲ. ಈ ಕೊರತೆಯನ್ನು ತುಂಬಲು ಕರ್ನಾಟಕದಲ್ಲಿ ಒಂದು ವಿಶೇಷ ಅನುಕೂಲವಿದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನೂ ಸ್ಥಾಪಿಸಿದೆ. ರೈತರಿಗಾಗಿ ರೂಪಿಸಿದ ವ್ಯವಸ್ಥೆಯಿದು, ವಿಮಾನಯಾನಕ್ಕೆ ಅಧಿಕೃತವಲ್ಲ; ಮೋಡದ ಎತ್ತರವನ್ನಾಗಲಿ ಗೋಚರತೆಯನ್ನಾಗಲಿ ಅದು ಹೇಳುವುದೂ ಇಲ್ಲ. ಆದರೂ ಕನಕಪುರದ ಸುತ್ತ ಮಳೆ ಆರಂಭವಾಗಿದೆ ಎಂಬ ಒಂದು ಸುಳಿವಿನಿಂದ ದಾರಿಯ ಎಡಬದಿಯ ಸ್ಥಿತಿ ತಿಳಿಯುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಸಿದ್ಧಪಡಿಸಿದ ದಾಮಿನಿ ಆ್ಯಪ್ ಸಿಡಿಲು ಬಡಿದ ಜಾಗಗಳನ್ನು ತೋರಿಸುತ್ತದೆ. ಸಿಡಿಲಿದ್ದಲ್ಲಿ ಸಿಬಿ ಇದೆ ಎಂಬುದರಲ್ಲಿ ಸಂಶಯವಿಲ್ಲದ ಕಾರಣ, ಹೊರಡುವ ಮುನ್ನ ಅದನ್ನು ನೋಡುವುದು ಒಳ್ಳೆಯ ರೂಢಿ.

ರಾಡಾರ್ ಚಿತ್ರವನ್ನು ನೋಡುವಾಗ ಅದರ ಮಿತಿಯೂ ತಿಳಿದಿರಲಿ. ಚೆನ್ನೈ ರಾಡಾರ್‌ನಿಂದ ಬೆಂಗಳೂರು ಸುಮಾರು 290 ಕಿಲೋಮೀಟರ್ ದೂರ. ಭೂಮಿ ಬಾಗಿರುವುದರಿಂದ ಅಷ್ಟು ದೂರಕ್ಕೆ ಬರುವ ಹೊತ್ತಿಗೆ ರಾಡಾರ್ ಕಿರಣ ಐದು ಕಿಲೋಮೀಟರ್‌ಗೂ ಮೇಲೆ ಹಾಯುತ್ತಿರುತ್ತದೆ. ಎತ್ತರಕ್ಕೆ ಬೆಳೆದ ಗುಡುಗು ಮೋಡದ ತಲೆ ಅದಕ್ಕೆ ಸಿಗಬಹುದು. ನೆಲದ ಹತ್ತಿರದ ತೆಳುಮಳೆ ಸಿಗುವುದಿಲ್ಲ. ಆ ರಾಡಾರ್‌ನ ಪರದೆ ಖಾಲಿ ಇದ್ದ ಮಾತ್ರಕ್ಕೆ ಬೆಂಗಳೂರಿನ ಆಕಾಶ ಖಾಲಿ ಎಂದು ಭಾವಿಸಬಾರದು.

ಬಿಸಿಲು ಕೂಡ ಹವಾಮಾನವೇ

ಶುಭ್ರವಾದ ಏಪ್ರಿಲ್ ಮಧ್ಯಾಹ್ನದಲ್ಲೂ ಒಂದು ಲೆಕ್ಕ ಬಾಕಿ ಇರುತ್ತದೆ. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಹೊರಗೆ 33 ಡಿಗ್ರಿ ಇದ್ದರೆ ವ್ಯತ್ಯಾಸ 24. ಒಂದು ಡಿಗ್ರಿಗೆ 120 ಅಡಿಯಂತೆ 2,880 ಅಡಿ ಸೇರಿಸಿದರೆ, ವಿಮಾನದ ರೆಕ್ಕೆ ಮತ್ತು ಎಂಜಿನ್‌ಗೆ ಆ ಗಾಳಿ ಸುಮಾರು 5,900 ಅಡಿ ಎತ್ತರದಲ್ಲಿರುವ ಗಾಳಿಯಷ್ಟು ತೆಳುವಾಗಿರುತ್ತದೆ. ನೆಲದ ಮೇಲಿನ ಓಟ ಸಮುದ್ರ ಮಟ್ಟದಲ್ಲಿ ಬೇಕಾಗುವುದಕ್ಕಿಂತ ಅರ್ಧಕ್ಕೂ ಮಿಗಿಲಾಗಿ ಉದ್ದವಾಗುತ್ತದೆ, ಏರುವ ವೇಗ ಕುಸಿಯುತ್ತದೆ. ರನ್‌ವೇಯ ಒಂದು ತುದಿಯ ಬಳಿ ಬಳ್ಳಾರಿ ರಸ್ತೆಯ ಮೇಲ್ಸೇತುವೆ ಇರುವ ಜಕ್ಕೂರಿನಲ್ಲಿ ಈ ಲೆಕ್ಕವನ್ನು ವಿಮಾನದ ಕೈಪಿಡಿಯ ಕೋಷ್ಟಕ ನೋಡಿ ಪ್ರತಿ ಸಲವೂ ಮಾಡಲೇಬೇಕು. ನಾಲ್ಕೂ ಸೀಟು ತುಂಬಿ, ಟ್ಯಾಂಕ್ ಪೂರ್ತಿ ತುಂಬಿ ಮಧ್ಯಾಹ್ನ ಎರಡಕ್ಕೆ ಹೊರಡುವ ಯೋಜನೆ ಈ ಲೆಕ್ಕದ ಮುಂದೆ ಹಲವು ಬಾರಿ ನಿಲ್ಲುವುದಿಲ್ಲ.

ಮಂಜುಗಡ್ಡೆಯ ವಿಷಯವೂ ಹೀಗೆಯೇ ಮರೆತುಹೋಗುವಂಥದ್ದು. ದಕ್ಷಿಣ ಭಾರತದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟ ಸುಮಾರು 15,000 ಅಡಿಗೂ ಮೇಲಿರುವುದರಿಂದ ರೆಕ್ಕೆಯ ಮೇಲೆ ಹಿಮ ಕಟ್ಟುವ ಚಿಂತೆ ಸಣ್ಣ ವಿಮಾನಕ್ಕೆ ಇಲ್ಲ. ಕಾರ್ಬುರೇಟರ್ ಇರುವ ಎಂಜಿನ್‌ನೊಳಗೆ ಮಾತ್ರ, ಹೊರಗೆ 20-25 ಡಿಗ್ರಿ ಇದ್ದರೂ, ತೇವ ಹೆಚ್ಚಿದ್ದಾಗ ಮಂಜುಗಡ್ಡೆ ಕಟ್ಟಿ ಎಂಜಿನ್ ಶಕ್ತಿ ಕುಗ್ಗಬಹುದು. ಬೆಂಗಳೂರಿನ ಮುಂಗಾರಿನ ಬೆಳಗು ಇದಕ್ಕೆ ಹೇಳಿ ಮಾಡಿಸಿದ ಹವೆ. ಉಷ್ಣಾಂಶ ಮತ್ತು ಇಬ್ಬನಿ ಬಿಂದು ಹತ್ತಿರವಿರುವ ದಿನ ಕಾರ್ಬ್ ಹೀಟ್ (ಕಾರ್ಬುರೇಟರ್‌ಗೆ ಬಿಸಿಗಾಳಿ ಬಿಡುವ ವ್ಯವಸ್ಥೆ) ಬಳಸುವುದನ್ನು ಬ್ರೀಫಿಂಗ್‌ನಲ್ಲೇ ಬರೆದುಕೊಳ್ಳಿ.

ಹೋಗುವುದೋ ಬಿಡುವುದೋ

ಕಣ್ಣಳತೆಯ ನಿಯಮದಲ್ಲಿ, ಅಂದರೆ ವಿಎಫ್‌ಆರ್‌ನಲ್ಲಿ, ವಿಶೇಷ ಅನುಮತಿ ಇಲ್ಲದೆ ನಿಯಂತ್ರಿತ ನಿಲ್ದಾಣದಿಂದ ಹೊರಡಲು ಅಥವಾ ಅಲ್ಲಿ ಇಳಿಯಲು ಗೋಚರತೆ 5 ಕಿಲೋಮೀಟರ್ ಮತ್ತು ಆಕಾಶದ ಅರ್ಧಕ್ಕಿಂತ ಹೆಚ್ಚನ್ನು ಮುಚ್ಚಿದ ಮೋಡದ ತಳ 1,500 ಅಡಿ ಇರಬೇಕು. ನಿಯಂತ್ರಿತ ವಾಯುಪ್ರದೇಶದಲ್ಲಿ ಹಾರುವಾಗ ಮೋಡದಿಂದ ಅಡ್ಡಲಾಗಿ 1,500 ಮೀಟರ್, ಲಂಬವಾಗಿ 1,000 ಅಡಿ ದೂರವಿರಬೇಕು. ಇವು ಕಾನೂನಿನ ಕನಿಷ್ಠ ಮಿತಿಗಳು. ಹೊಸ ಪೈಲಟ್‌ಗೆ ಇವು ಸಾಕಾಗುವುದಿಲ್ಲ. ಗೋಚರತೆ 8 ಕಿಲೋಮೀಟರ್, ಮೋಡದ ತಳ 3,000 ಅಡಿ, ಅಡ್ಡಗಾಳಿ 8 ನಾಟ್ ಎಂಬಂತೆ ತನ್ನದೇ ಮಿತಿಗಳನ್ನು ಬೋಧಕರೊಡನೆ ಕುಳಿತು ಮನೆಯಲ್ಲೋ ಕ್ಲಬ್ಬಿನಲ್ಲೋ ನಿಶ್ಚಿಂತೆಯಿಂದ ಬರೆದಿಟ್ಟುಕೊಳ್ಳಬೇಕು. ಹಾರಾಟದ ದಿನ ಅವುಗಳನ್ನು ಬಿಗಿಗೊಳಿಸಬಹುದು, ಸಡಿಲಿಸಬಾರದು.

ಅಡ್ಡಗಾಳಿಯ ಲೆಕ್ಕ ಸರಳ. ಮೈಸೂರಿನ ರನ್‌ವೇ 27ಕ್ಕೆ, ಅಂದರೆ 270 ಡಿಗ್ರಿ ದಿಕ್ಕಿನ ರನ್‌ವೇಗೆ, ಗಾಳಿ 240 ಡಿಗ್ರಿಯಿಂದ 20 ನಾಟ್, ಭರಾಟೆ (ನಡುನಡುವೆ ಥಟ್ಟನೆ ಜೋರಾಗುವ ಗಾಳಿ) 28 ನಾಟ್ ಎಂದಿದ್ದರೆ, ಕೋನ 30 ಡಿಗ್ರಿ. ಅಡ್ಡಪಾಲು ಅರ್ಧ, ಅಂದರೆ 10 ನಾಟ್, ಭರಾಟೆಯಲ್ಲಿ 14. ಲೆಕ್ಕವನ್ನು ಯಾವಾಗಲೂ ಭರಾಟೆಗೇ ಮಾಡಬೇಕು. ಮೆಟಾರ್‌ನ ಗಾಳಿ ನಿಜ ಉತ್ತರದಿಂದ, ಟವರ್ ಹೇಳುವ ಗಾಳಿ ಕಾಂತೀಯ ಉತ್ತರದಿಂದ ಅಳೆದದ್ದು. ನಮ್ಮ ಕಡೆ ಆ ವ್ಯತ್ಯಾಸ ಒಂದೆರಡು ಡಿಗ್ರಿಯಷ್ಟೇ ಆದ್ದರಿಂದ ಚಿಂತೆಯಿಲ್ಲ.

ಮೈಸೂರಿನಿಂದ ಮುಂದೆ ಮಂಗಳೂರಿಗೆ ಹೋಗುವ ಆಸೆ ಇದ್ದರೆ ಅದನ್ನು ಬೇರೆಯೇ ಹಾರಾಟವೆಂದು ಭಾವಿಸಿ ಹೊಸದಾಗಿ ಬ್ರೀಫಿಂಗ್ ಮಾಡಬೇಕು. ಕೊಡಗಿನ ಪುಷ್ಪಗಿರಿ 5,600 ಅಡಿ, ತಡಿಯಂಡಮೋಳ್ 5,700 ಅಡಿ ಮುಟ್ಟುತ್ತವೆ. ಮಂಗಳೂರಿನ ವರದಿಯೂ ಮೈಸೂರಿನ ವರದಿಯೂ ಚೆನ್ನಾಗಿದ್ದು, ನಡುವಿನ ಘಟ್ಟ ಮಾತ್ರ ಪೂರ್ತಿ ಮುಚ್ಚಿಕೊಂಡಿರುವುದು ಮುಂಗಾರಿನಲ್ಲಿ ಸಾಮಾನ್ಯ ಸಂಗತಿ. ಜೋರಾದ ಪಡುವಣ ಗಾಳಿ ಘಟ್ಟ ದಾಟಿ ಇಳಿಯುವ ಪೂರ್ವದ ಬದಿಯಲ್ಲಿ ವಿಮಾನವನ್ನು ಕೆಳಗೆಳೆಯುವ ಪ್ರವಾಹ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಎಂಜಿನ್ನಿನ ವಿಮಾನದಲ್ಲಿ, ಕಣ್ಣಳತೆಯ ನಿಯಮದಲ್ಲಿ ಈ ದಾಟುವಿಕೆಯನ್ನು ಯಾರಿಗೂ ನಾನು ಸೂಚಿಸಲಾರೆ.

ಹಾರುತ್ತಿರುವಾಗ

ನೆಲ ಬಿಟ್ಟ ಮೇಲೆ ಮೊಬೈಲ್ ಇಂಟರ್ನೆಟ್ಟನ್ನು ನಂಬುವಂತಿಲ್ಲ. ಆಗ ಉಳಿಯುವುದು ಕಣ್ಣು, ರೇಡಿಯೊ ಮತ್ತು ಹೊರಡುವ ಮುನ್ನ ಬರೆದುಕೊಂಡ ಹಾಳೆ. ಹಾಳೆಯಲ್ಲಿ ಪ್ರತಿ ಗುರುತಿನ ಎದುರು ನಿರೀಕ್ಷಿತ ಸಮಯವಿರುತ್ತದೆ. ರಾಮನಗರದ ಬಂಡೆ ಬೆಟ್ಟಗಳು ನಿರೀಕ್ಷೆಗಿಂತ ನಾಲ್ಕು ನಿಮಿಷ ತಡವಾಗಿ ಕೆಳಗೆ ಬಂದರೆ ಎದುರುಗಾಳಿ ಮುನ್ಸೂಚನೆಗಿಂತ ಜೋರಾಗಿದೆ ಎಂದರ್ಥ, ಮತ್ತು ಗಾಳಿ ತಪ್ಪಿದ್ದರೆ ಅದೇ ಮುನ್ಸೂಚನೆಯ ಮೋಡವೂ ತಪ್ಪಿರಬಹುದು. ಮೈಸೂರಿನ ಇತ್ತೀಚಿನ ವರದಿಯನ್ನು ನಿಯಂತ್ರಕರಿಂದ ಕೇಳಿ ಪಡೆದು, ಹಳೆಯದರ ಕೆಳಗೆ ಬರೆಯಿರಿ. ಕ್ಯೂಎನ್‌ಎಚ್ (ಸಮುದ್ರ ಮಟ್ಟಕ್ಕೆ ಹೊಂದಿಸಿದ ವಾಯುಭಾರ) ಬದಲಾಗಿದ್ದರೆ ಎತ್ತರ ತೋರಿಸುವ ಆಲ್ಟಿಮೀಟರ್ ಸರಿಪಡಿಸಿಕೊಳ್ಳಿ. ಒಂದು ಹೆಕ್ಟೊಪಾಸ್ಕಲ್ ತಪ್ಪು ಎತ್ತರದಲ್ಲಿ ಸುಮಾರು 30 ಅಡಿಯ ತಪ್ಪು.

ಮುಂದೆ ಮೋಡ ಬೆಳೆಯುತ್ತಿದ್ದರೆ ಅದರ ಅಂಚನ್ನು ಗಮನಿಸಿ. ಹೂಕೋಸಿನಂತೆ ಗಟ್ಟಿಯಾದ, ಉಬ್ಬುತ್ತಿರುವ ಅಂಚು ಇನ್ನೂ ಮೇಲೇರುತ್ತಿರುವ ಗಾಳಿಯ ಗುರುತು. ತಲೆ ಚಪ್ಪಟೆಯಾಗಿ ಒಂದು ಕಡೆಗೆ ಹರಡಿದ್ದರೆ ಅದು ಪೂರ್ಣ ಬೆಳೆದ ಸಿಬಿ. ತಳದಿಂದ ಬೂದುಬಣ್ಣದ ಪರದೆಯಂತೆ ಮಳೆ ಇಳಿಯುತ್ತಿದ್ದರೆ ಅದರ ಕೆಳಗಿನಿಂದ ನುಸುಳಲು ಎಂದೂ ಯತ್ನಿಸಬಾರದು, ಆಚೆ ಬದಿಯ ಬೆಳಕು ಕಾಣುತ್ತಿದ್ದರೂ ಕೂಡ. ಅಲ್ಲಿಂದ ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡುವ ತಣ್ಣನೆಯ ಗಾಳಿ ಮೋಡಕ್ಕಿಂತ ಹಲವು ಮೈಲಿ ಮುಂದೆ ಓಡುತ್ತದೆ. ಕೆಳಗೆ ಹೊಲಗಳ ಮೇಲೆ ಇದ್ದಕ್ಕಿದ್ದಂತೆ ಧೂಳಿನ ಗೋಡೆ ಎದ್ದರೆ, ಕೆರೆಯ ನೀರಿನ ಮೇಲೆ ಸುಕ್ಕುಗಳು ದಿಕ್ಕು ಬದಲಿಸಿದರೆ ಅದು ಬಂತೆಂದು ತಿಳಿಯಬೇಕು. ತೀವ್ರವಾದ ಗುಡುಗು ಮೋಡದಿಂದ 20 ನಾಟಿಕಲ್ ಮೈಲಿ ದೂರವಿರಬೇಕು ಎಂಬುದು ವಿಮಾನಯಾನದಲ್ಲಿ ಒಪ್ಪಿತವಾದ ಸಲಹೆ. 75 ಮೈಲಿಯ ದಾರಿಯಲ್ಲಿ 20 ಮೈಲಿಯ ಸುತ್ತು ಎಂದರೆ ಬಹುತೇಕ ಹಾರಾಟವನ್ನೇ ಕೈಬಿಟ್ಟಂತೆ, ಮತ್ತು ಹೆಚ್ಚಿನ ಸಲ ಅದೇ ಸರಿಯಾದ ಉತ್ತರ. ಹಿಂದಿರುಗುವ ತೀರ್ಮಾನವನ್ನು ಹಿಂದಿನ ಆಕಾಶ ಇನ್ನೂ ತೆರೆದಿರುವಾಗಲೇ ಕೈಗೊಳ್ಳಬೇಕು. ಆದ್ದರಿಂದ ಮದ್ದೂರಿನಂಥ ಒಂದು ಜಾಗವನ್ನು ಮೊದಲೇ ಗೊತ್ತುಮಾಡಿ, ಅಲ್ಲಿಗೆ ಬಂದಾಗ ಚಾಮುಂಡಿ ಬೆಟ್ಟದ ಕಡೆಯ ದಿಗಂತ ಸ್ಪಷ್ಟವಾಗಿ ಕಾಣದಿದ್ದರೆ ಚರ್ಚೆಯಿಲ್ಲದೆ ತಿರುಗುವುದು ಎಂದು ಹಾಳೆಯಲ್ಲಿ ಬರೆದಿಡಬೇಕು. ಸಂಜೆಯ ವೇಳೆಗೆ ಇನ್ನೊಂದು ಗಡುವೂ ಇದೆ: ಸ್ಥಳೀಯ ಮತ್ತು ತರಬೇತಿ ಹಾರಾಟಗಳಿಗೆ ಕೊಡುವ ವಿನಾಯಿತಿಯನ್ನು ಬಿಟ್ಟರೆ ನಮ್ಮ ದೇಶದಲ್ಲಿ ಕತ್ತಲಲ್ಲಿ ವಿಎಫ್‌ಆರ್ ಹಾರಾಟಕ್ಕೆ ಅವಕಾಶವಿಲ್ಲ. ಮಳೆ ನಿಲ್ಲಲೆಂದು ಮೈಸೂರಿನಲ್ಲಿ ಕಾಯುತ್ತಾ ಕುಳಿತವರು ಸೂರ್ಯಾಸ್ತದ ಸಮಯದಿಂದ ಹಿಂದಕ್ಕೆ ಎಣಿಸಿ, ಯಾವ ಗಂಟೆಯ ನಂತರ ಹೊರಡಬಾರದು ಎಂಬುದನ್ನು ಇಳಿದ ಕೂಡಲೇ ನಿಗದಿಪಡಿಸಿಕೊಳ್ಳಬೇಕು.

ಮಾರ್ಗದಲ್ಲಿ ಕಂಡದ್ದನ್ನು ರೇಡಿಯೊದಲ್ಲಿ ಹೇಳುವುದೂ ಪೈಲಟ್‌ನ ಕೆಲಸವೇ. ಮಂಡ್ಯದ ಮೇಲೆ 5,500 ಅಡಿಯಲ್ಲಿ ಮಧ್ಯಮ ಕುಲುಕಾಟ, ಮೋಡದ ತಳ 7,000 ಅಡಿ, ಪೂರ್ವಕ್ಕೆ ಮಳೆ ಎಂದು ಒಂದು ವಾಕ್ಯದಲ್ಲಿ ನಿಯಂತ್ರಕರಿಗೆ ತಿಳಿಸಿದರೆ, ಯಾವ ಮೆಟಾರೂ ಇಲ್ಲದ ಆ ಜಾಗದ ವರದಿ ಹಿಂದೆ ಬರುವ ಸಣ್ಣ ವಿಮಾನಕ್ಕೆ ಸಿಗುತ್ತದೆ. ಇಳಿದ ಮೇಲೆ ಅದನ್ನೇ ಪುಸ್ತಕದಲ್ಲಿ ಟ್ಯಾಫ್ ಹೇಳಿದ್ದರ ಪಕ್ಕದಲ್ಲಿ ಬರೆದು, ವ್ಯತ್ಯಾಸ ಎಷ್ಟು ಗಂಟೆ, ಎಷ್ಟು ಅಡಿ, ಎಷ್ಟು ನಾಟ್ ಎಂದು ಗುರುತಿಸಿಡಿ. ಮುಂದಿನ ಭರಣಿ ಮಳೆಯ ಕಾಲಕ್ಕೆ ಅದೇ ದಾರಿಯ ಮುನ್ಸೂಚನೆಯನ್ನು ಓದುವಾಗ ಆ ಪುಟವನ್ನೂ ತೆರೆದಿಟ್ಟುಕೊಳ್ಳಬಹುದು.